ಗಡಿಗೆ ಮಾರಲು ಮೊಬೈಲ್ ಸಾಕೆ?

ಬೆಳಗಾವಿಯ ಪೇಟೆಯಲ್ಲಿ ಕಿರ್ಲೋಸ್ಕರ ರಸ್ತೆ ಎಂಬುದೊಂದಿದೆ. ಹಬ್ಬ ಹುಣ್ಣಿಮೆ ಬಂತೆಂದರೆ ಅಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ಆ ಹೆಸರು ಏಕೆ ಬಂತೆಂದು ಅಲ್ಲಿ ಓಡಾಡುವ ಶಾಲಾ ಮಕ್ಕಳನ್ನು ಕೇಳಿದರೆ ಎಷ್ಟು ಮಂದಿ ಉತ್ತರ ಹೇಳಿಯಾರು? ಪಂಪು, ಎಂಜಿನ್ನುಗಳ ಮೇಲೆ ಕಾಣುವ ಆ ಹೆಸರಿನ ಕಥೆ ಮೊದಲಾದದ್ದು ಇದೇ ಊರಿನಲ್ಲಿ, ಅದೂ ಒಂದು ಸೈಕಲ್ ಅಂಗಡಿಯಿಂದ.

ಲಕ್ಷ್ಮಣರಾವ್ ಕಿರ್ಲೋಸ್ಕರ ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಚಿತ್ರಕಲೆ ಕಲಿಯಲೆಂದು ಮುಂಬೈಗೆ ಹೋದ ಹುಡುಗನಿಗೆ ಕೆಲವು ಬಣ್ಣಗಳ ಭೇದ ತಿಳಿಯದೆಂಬುದು ಗೊತ್ತಾಯಿತು. ಕುಂಚ ಕೆಳಗಿಟ್ಟು ಯಂತ್ರಗಳ ರೇಖಾಚಿತ್ರ ಕಲಿತು, ಅಲ್ಲಿನ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಮೇಷ್ಟರಾದರು. ಮುಂಬೈಯಲ್ಲಿ ಯಾರೋ ಸೈಕಲ್ ಮೇಲೆ ಹೋಗುವುದನ್ನು ಕಂಡ ಅವರಿಗೆ ವ್ಯಾಪಾರದ ಯೋಚನೆ ಹೊಳೆಯಿತು. ಅಲ್ಲಿಂದ ಸೈಕಲ್ ಕೊಂಡು ಬೆಳಗಾವಿಗೆ ಕಳಿಸುವುದು, ಇಲ್ಲಿ ಅಣ್ಣ ರಾಮಣ್ಣ ಮಾರುವುದು. 1888ರಲ್ಲಿ ಮೊದಲಾಯಿತೆಂದು ಹೇಳುವ ‘ಕಿರ್ಲೋಸ್ಕರ ಬ್ರದರ್ಸ್’ ಉದ್ಯಮದ ಮೂಲ ಇದು.

ಆಗ ಒಂದು ಸೈಕಲ್ಲಿನ ಬೆಲೆ ಏಳುನೂರರಿಂದ ಸಾವಿರ ರೂಪಾಯಿ ಎಂದು ಆ ಮನೆತನದ ಕಥನಗಳು ಹೇಳುತ್ತವೆ. ಅಂದಿನ ಕಾಲಕ್ಕೆ ಅದು ಸಣ್ಣ ದುಡ್ಡಲ್ಲ. ಅಷ್ಟು ಹಣ ಕೊಟ್ಟು ಕೊಳ್ಳುವವನಿಗೆ ಅದರ ಮೇಲೆ ಕೂರಲೂ ಬರುವುದಿಲ್ಲ! ಆದ್ದರಿಂದ ರಾಮಣ್ಣನವರು ಹದಿನೈದು ರೂಪಾಯಿ ಪಡೆದು ಸವಾರಿ ಕಲಿಸುತ್ತಿದ್ದರಂತೆ. ಬೀದಿಯಲ್ಲಿ ಒಬ್ಬ ಕಲಿಯುತ್ತಿದ್ದರೆ ಹತ್ತು ಜನ ನಿಂತು ನೋಡುತ್ತಾರಲ್ಲವೆ? ಕಲಿತವನು ತನ್ನ ಓಣಿಯಲ್ಲಿ ಸೈಕಲ್ ತುಳಿದರೆ ಅದೇ ಜಾಹೀರಾತು. ಮಾಲನ್ನು ಮಾರುವುದಕ್ಕಿಂತ ಮೊದಲು ಮಾಲಿನ ಬಗೆಗಿನ ಅರಿವನ್ನು ಕೊಡು ಎಂಬುದು ಆ ಅಂಗಡಿಯ ಗುಟ್ಟಾಗಿತ್ತು.

ಮೊಬೈಲಿನಲ್ಲಿ ವ್ಯಾಪಾರ ಮಾಡಬೇಕೆನ್ನುವ ಇಂದಿನ ಮನೆಗಳಿಗೆ ಈ ಹಳೆಯ ಕಥೆ ಏಕೆ ಬೇಕು? ಅದಕ್ಕೆ ಬರುವ ಮೊದಲು ಇದೇ ಕಥೆಯ ಇನ್ನೊಂದು ತುಣುಕು ನೋಡಬೇಕು.

ಎರಡು ವರ್ಷ ಮಾರಾಟವಾಗದ ನೇಗಿಲು

ಸೈಕಲ್ ಅಂಗಡಿಯ ನಂತರ ಲಕ್ಷ್ಮಣರಾಯರು ಮೇವು ಕತ್ತರಿಸುವ ಯಂತ್ರ ಮಾಡಿದರು, ಆಮೇಲೆ ಕಬ್ಬಿಣದ ನೇಗಿಲು ಮಾಡಿದರು. ಮರದ ನೇಗಿಲು ಮಣ್ಣನ್ನು ಗೀರುತ್ತದೆ. ಕಬ್ಬಿಣದ್ದು ಆಳಕ್ಕೆ ಹೋಗಿ ಮಣ್ಣನ್ನು ಮಗುಚಿ ಹಾಕುತ್ತದೆ. ಗುಣದಲ್ಲಿ ಅನುಮಾನವೇ ಇರಲಿಲ್ಲ. ಆದರೂ ಕೊಳ್ಳುವವರಿಲ್ಲ. ಕಬ್ಬಿಣ ತಗುಲಿದರೆ ಭೂಮಿಗೆ ವಿಷವೇರುತ್ತದೆ ಎಂದು ರೈತರು ಹೆದರಿದ್ದರು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು.

ಮುಂದೆ ಬೆಳಗಾವಿಯಲ್ಲಿ ಕಾರ್ಖಾನೆಯ ಜಾಗ ಬಿಟ್ಟುಕೊಡಬೇಕಾಗಿ ಬಂದಾಗ ಔಂಧ ಸಂಸ್ಥಾನದ ಅರಸರು ಕರೆದು ನೆಲ ಕೊಟ್ಟರು. 1910ರಲ್ಲಿ ಅಲ್ಲಿ ಕಿರ್ಲೋಸ್ಕರವಾಡಿ ಎಂಬ ಊರೇ ಎದ್ದಿತು. ಇಂದು ಅದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿದೆ. ಅಲ್ಲಿಂದ 1920ರಲ್ಲಿ ಶಂಕರರಾವ್ ಕಿರ್ಲೋಸ್ಕರರ ಸಂಪಾದಕತ್ವದಲ್ಲಿ ‘ಕಿರ್ಲೋಸ್ಕರ ಖಬರ’ ಎಂಬ ಮರಾಠಿ ಪತ್ರಿಕೆ ಹೊರಟಿತು. ಕಾರ್ಖಾನೆಯ ಸುದ್ದಿ ತಲುಪಿಸಲು ಹುಟ್ಟಿದ ಆ ಪತ್ರಿಕೆ, ಓದುಗರಿಗೆ ಬೇಕಾದ ವಿಚಾರಗಳನ್ನೂ ಕೊಡುತ್ತ ಹೋಗಿ ಮನೆಮನೆಯ ಮಾಸಿಕವಾಯಿತು. 1930ರಲ್ಲಿ ಅದೇ ಸಂಸ್ಥೆಯಿಂದ ‘ಸ್ತ್ರೀ’ ಎಂಬ ಇನ್ನೊಂದು ಪತ್ರಿಕೆಯೂ ಬಂತು. ಅಮೆರಿಕದಲ್ಲಿ ನೇಗಿಲು ತಯಾರಿಸುತ್ತಿದ್ದ ಜಾನ್ ಡಿಯರ್ ಕಂಪನಿ 1895ರಲ್ಲೇ ‘ದಿ ಫರೋ’ ಎಂಬ ಪತ್ರಿಕೆ ಆರಂಭಿಸಿತ್ತು. ಫರೋ ಎಂದರೆ ನೇಗಿಲ ಸಾಲು. ಭೂಮಿಯ ಎರಡು ಬದಿಯಲ್ಲಿ ನೇಗಿಲು ಮಾಡುವವರಿಗೆ ಒಂದೇ ಬಗೆಯ ಬುದ್ಧಿ ಹೊಳೆದದ್ದು ನೋಡಿ!

ಇಂದು ಫೇಸ್‌ಬುಕ್ (2004), ವಾಟ್ಸ್‌ಆ್ಯಪ್ (2009), ಇನ್‌ಸ್ಟಾಗ್ರಾಂ (2010) ಎಂಬ ಸಾಮಾಜಿಕ ಮಾಧ್ಯಮಗಳು ಎಲ್ಲರ ಕೈಯಲ್ಲಿವೆ. ಸಣ್ಣ ವ್ಯಾಪಾರಿಗಳಿಗೆಂದೇ 2018ರಲ್ಲಿ ವಾಟ್ಸ್‌ಆ್ಯಪ್ ಬಿಸಿನೆಸ್ ಬಂತು. ಅಂದು ಪತ್ರಿಕೆ ನಡೆಸಲು ಅಚ್ಚುಕೂಟ ಬೇಕಿತ್ತು. ಇಂದು ಒಂದು ಮೊಬೈಲ್ ಸಾಕು. ಆದರೆ ಕೇಳುವವನ ಮನಸ್ಸು ಅಂದಿನದೇ.

ಬೆಳಗಾವಿಗೆ ಎಂಟು ಹೆಜ್ಜೆ

ಈಗ ಬೆಳಗಾವಿಯಿಂದ ದಕ್ಷಿಣಕ್ಕೆ ಸುಮಾರು 26 ಕಿಲೋಮೀಟರು ದೂರದ ಖಾನಾಪುರಕ್ಕೆ ಹೋಗೋಣ. ಮಲಪ್ರಭೆಯ ದಂಡೆಯ ಊರು. ಇಲ್ಲಿನ ಮಣ್ಣು ಹೆಂಚು, ಇಟ್ಟಿಗೆ, ಮಡಕೆಗಳಿಗೆ ಹೆಸರಾದದ್ದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮೀಣ ಕುಂಬಾರಿಕೆ ಸಂಸ್ಥೆ ಇರುವುದೂ ಈ ಊರಿನಲ್ಲೇ.

ಅಲ್ಲಿ ಒಂದು ಕುಂಬಾರರ ಮನೆಯನ್ನು ಊಹಿಸಿಕೊಳ್ಳಿ. ತಂದೆ ತಿಗರಿ ತಿರುಗಿಸುತ್ತಾನೆ, ತಾಯಿ ಗಡಿಗೆ ಒಣಗಿಸುತ್ತಾಳೆ, ಮಗಳು ಒಂಬತ್ತನೆಯ ತರಗತಿ. ಅಂಗಳದಲ್ಲಿ ನೂರು ಗಡಿಗೆ ಕೂತಿವೆ. ಬೇಸಿಗೆ ಮುಗಿಯುವುದರೊಳಗೆ ಮಾರಾಟವಾದರೆ ಶಾಲೆಯ ಖರ್ಚಿಗೆ ದಾರಿ. ಇಲ್ಲವಾದರೆ ಮುಂದಿನ ಬೇಸಿಗೆಯ ತನಕ ಅವು ಅಲ್ಲೇ. ‘ಮೊಬೈಲಿನಲ್ಲಿ ಹಾಕಿದರೆ ಒಂದೇ ದಿನದಲ್ಲಿ ಬೆಳಗಾವಿಗೆಲ್ಲ ಗೊತ್ತಾಗುತ್ತದೆ’ ಎಂದು ಯಾರೋ ಮಗಳಿಗೆ ಹೇಳಿದ್ದಾರೆ. ಇದು ನಿಜವೆ? ಲೆಕ್ಕ ಹಾಕಿ ನೋಡೋಣ.

ಆಕೆ ಐದು ಮಂದಿಗೆ ಚಿತ್ರ ಕಳಿಸುತ್ತಾಳೆ. ಐವರೂ ತಲಾ ಐವರಿಗೆ ಕಳಿಸಿದರೆ 25. ಅವರೂ ಹಾಗೆಯೇ ಮಾಡಿದರೆ 125. ಹೀಗೆ 625, 3,125, 15,625, 78,125. ಎಂಟನೆಯ ಹೆಜ್ಜೆಗೆ 3,90,625. ಎಂಟೂ ಹೆಜ್ಜೆಗಳನ್ನು ಕೂಡಿಸಿದರೆ 4,88,280. 2011ರ ಜನಗಣತಿಯಲ್ಲಿ ಬೆಳಗಾವಿ ನಗರದ ಜನಸಂಖ್ಯೆ ಸುಮಾರು 4 ಲಕ್ಷ 88 ಸಾವಿರ! ಎಂಟೇ ಹೆಜ್ಜೆಯಲ್ಲಿ ಊರು ಮುಗಿಯಿತು. ಗುಣೋತ್ತರ ಶ್ರೇಢಿಯ ಬಲ ಇಂಥದು.

ಆದರೆ ಈ ಲೆಕ್ಕದಲ್ಲೊಂದು ಮೋಸವಿದೆ. ಸಂದೇಶ ಸಿಕ್ಕ ಪ್ರತಿಯೊಬ್ಬನೂ ಅದನ್ನು ಮುಂದಕ್ಕೆ ಕಳಿಸುತ್ತಾನೆ, ಅದೂ ಈವರೆಗೆ ಸಿಗದ ಹೊಸಬರಿಗೇ ಕಳಿಸುತ್ತಾನೆ ಎಂದು ಅದು ನಂಬಿದೆ. ನಿಮಗೆ ಬಂದ ಜಾಹೀರಾತುಗಳಲ್ಲಿ ಎಷ್ಟನ್ನು ನೀವು ಬೇರೆಯವರಿಗೆ ಕಳಿಸಿದ್ದೀರಿ?

ಲೆಕ್ಕವನ್ನು ಸ್ವಲ್ಪ ತಿದ್ದೋಣ. ಮೊದಲು ಸಾವಿರ ಜನ ನೋಡಿದರು. ಹತ್ತು ಜನರಲ್ಲಿ ಒಬ್ಬ ಮಾತ್ರ ಐವರಿಗೆ ಕಳಿಸಿದ. ಆಗ ಎರಡನೆಯ ಸುತ್ತಿಗೆ ಸಿಗುವವರು 500, ಮೂರನೆಯದಕ್ಕೆ 250, ಆಮೇಲೆ 125. ಕಡೆಗೆ ಒಟ್ಟು ಎರಡು ಸಾವಿರ ದಾಟುವುದಿಲ್ಲ, ಸಂದೇಶ ಸತ್ತುಹೋಯಿತು. ಹತ್ತರಲ್ಲಿ ಇಬ್ಬರು ಕಳಿಸಿದರೆ ಸುತ್ತು ಸುತ್ತಿಗೂ ಸಾವಿರ. ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಮೂವರು ಕಳಿಸಿದರೆ? 1,500, 2,250, 3,375... ಹತ್ತು ಸಲ ಗುಣಿಸುವಷ್ಟರಲ್ಲಿ ಒಂದೇ ಸುತ್ತಿನಲ್ಲಿ ಐವತ್ತೇಳು ಸಾವಿರ ದಾಟುತ್ತದೆ. ಹತ್ತರಲ್ಲಿ ಒಬ್ಬನೋ ಮೂವರೋ ಎಂಬ ಅಷ್ಟೇ ಅಂತರ ಸಂದೇಶದ ಅಳಿವು ಉಳಿವನ್ನು ತೀರ್ಮಾನಿಸುತ್ತದೆ.

ಕೋವಿಡ್ ಕಾಲದಲ್ಲಿ ಪತ್ರಿಕೆಗಳಲ್ಲಿ ‘ಆರ್’ ಎಂಬ ಸಂಖ್ಯೆ ಓದಿದ ನೆನಪಿದೆಯೆ? ಒಬ್ಬ ರೋಗಿಯಿಂದ ಸರಾಸರಿ ಎಷ್ಟು ಮಂದಿಗೆ ಸೋಂಕು ಹರಡುತ್ತದೆಂಬ ಸಂಖ್ಯೆ ಅದು. ಒಂದಕ್ಕಿಂತ ಕೆಳಗಿಳಿದರೆ ರೋಗ ತಾನಾಗಿ ಅಡಗುತ್ತದೆ, ಮೇಲೇರಿದರೆ ಹಬ್ಬುತ್ತದೆ. ಸುದ್ದಿಗೂ ಇದೇ ನಿಯಮ. ಸುಳ್ಳು ಸುದ್ದಿಯ ಹಾವಳಿ ತಡೆಯಲು ವಾಟ್ಸ್‌ಆ್ಯಪ್ ಮಾಡಿದ್ದೂ ಈ ಗುಣಕವನ್ನು ಕಡಿಮೆ ಮಾಡುವ ಕೆಲಸವನ್ನೇ. 2018ರಲ್ಲಿ ಭಾರತದಲ್ಲಿ ಒಂದು ಸಲಕ್ಕೆ ಐದು ಕಡೆಗಷ್ಟೇ ಸಂದೇಶ ದಾಟಿಸಬಹುದೆಂಬ ಮಿತಿ ಬಂತು. 2020ರಲ್ಲಿ, ಬಹಳ ಕೈ ದಾಟಿ ಬಂದ ಸಂದೇಶವನ್ನು ಒಂದು ಸಲಕ್ಕೆ ಒಂದೇ ಕಡೆಗೆ ಕಳಿಸಬಹುದೆಂದಾಯಿತು.

ಹಾಗಾದರೆ ಹತ್ತರಲ್ಲಿ ಒಬ್ಬನ ಬದಲು ಮೂವರು ಕಳಿಸುವಂತೆ ಮಾಡುವುದು ಯಾವುದು? ಬಣ್ಣವೂ ಅಲ್ಲ, ಗದ್ದಲದ ಸಂಗೀತವೂ ಅಲ್ಲ. ‘ಇದು ನಮ್ಮ ಅಕ್ಕನಿಗೆ ಉಪಯೋಗವಾದೀತು’ ಎಂದು ನೋಡಿದವನಿಗೆ ಅನಿಸಬೇಕು. ರಾಮಣ್ಣನವರ ಸೈಕಲ್ ಪಾಠ ಇಲ್ಲಿಗೆ ಬಂದು ಕೂಡುತ್ತದೆ.

ಗಡಿಗೆಯ ಪಾಠ

‘ಖಾನಾಪುರದ ಉತ್ತಮ ಗಡಿಗೆ, ಇಂದೇ ಕೊಳ್ಳಿರಿ’ ಎಂದು ಬರೆದರೆ ಯಾರೂ ಇನ್ನೊಬ್ಬರಿಗೆ ಕಳಿಸಲಾರರು. ಅದರ ಬದಲು ಮಗಳು ತನ್ನ ವಿಜ್ಞಾನದ ಪುಸ್ತಕವನ್ನೇ ತೆರೆಯಲಿ. ಗಡಿಗೆಯಲ್ಲಿ ನೀರು ತಣ್ಣಗಾಗುವುದು ಏಕೆ? ಸುಟ್ಟ ಮಣ್ಣಿನಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ. ನೀರು ಅವುಗಳಿಂದ ಜಿನುಗಿ ಹೊರಮೈಯಲ್ಲಿ ಆವಿಯಾಗುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಬೇಕಾದ ಶಾಖ ಸುಮಾರು 580 ಕ್ಯಾಲೊರಿ. ಆ ಶಾಖ ಬಹುಪಾಲು ಗಡಿಗೆ ಮತ್ತು ಒಳಗಿನ ನೀರಿನಿಂದಲೇ ಹೋಗಬೇಕು. ಹತ್ತು ಲೀಟರ್ ಹಿಡಿಯುವ ಗಡಿಗೆಯಿಂದ ನೂರು ಗ್ರಾಂ ನೀರು, ಎಂದರೆ ಅರ್ಧ ಲೋಟದಷ್ಟು, ಆವಿಯಾಯಿತೆನ್ನಿ. 58,000 ಕ್ಯಾಲೊರಿ ಹೋಯಿತು. ಹೊರಗಿನ ಶಾಖ ಒಳನುಗ್ಗದಿದ್ದರೆ ಉಳಿದ ನೀರು ಆರು ಡಿಗ್ರಿಯಷ್ಟು ತಣಿಯಬೇಕು. ವಿದ್ಯುತ್ತಿನ ಬಿಲ್ಲು? ಒಂದು ಪೈಸೆಯೂ ಇಲ್ಲ!

ಇದನ್ನು ಅರ್ಧ ನಿಮಿಷದ ವಿಡಿಯೋ ಮಾಡಬಹುದು. ಹೊಸ ಗಡಿಗೆಯನ್ನು ಬಳಸುವ ಮೊದಲು ನೀರಿನಲ್ಲಿ ನೆನೆಸುವುದು, ಗಾಳಿಯಾಡುವ ಕಡೆ ಇಡುವುದು, ಪಾಚಿ ಕಟ್ಟಿದರೆ ಸಾಬೂನಿಲ್ಲದೆ ತಿಕ್ಕಿ ಬಿಸಿಲಿಗಿಡುವುದು, ಇವೆಲ್ಲ ಒಂದೊಂದು ವಿಡಿಯೋ. ತಂದೆಯ ಕೈಯಲ್ಲಿ ಮಣ್ಣಿನ ಮುದ್ದೆ ಗಡಿಗೆಯಾಗುವುದನ್ನು ತೋರಿಸಿದರೆ ನೋಡುವವರು ಕಣ್ಣು ಕೀಳಲಾರರು. ಬೆಳಗಾವಿ ಕನ್ನಡ, ಮರಾಠಿ ಎರಡೂ ಮಾತಿನ ಊರು. ಎರಡರಲ್ಲೂ ನಾಲ್ಕು ಸಾಲು ಬರೆದರೆ ಗಿರಾಕಿಯ ಮನೆಮಾತಿನಲ್ಲಿ ಕರೆದಂತಾಗುತ್ತದೆ.

ಈಗ ಒಂದು ಕಷ್ಟದ ಪ್ರಶ್ನೆ. ಖಾನಾಪುರದ ಮಳೆಗಾಲ ಎಂಥದೆಂದು ಅಲ್ಲಿಯವರಿಗೆ ಗೊತ್ತು. ಗಾಳಿಯಲ್ಲಿ ತೇವ ತುಂಬಿದಾಗ ಆವಿಯಾಗುವುದು ಕಡಿಮೆ. ಗಡಿಗೆಯ ನೀರು ಅಷ್ಟು ತಣಿಯದು. ಇದನ್ನು ಬರೆಯಬೇಕೆ, ಬಿಡಬೇಕೆ?

“ಅಪ್ಪಾ, ಮಳಿಗಾಲದಾಗ ನೀರು ಭಾಳ ತಣ್ಣಗ ಆಗೂದಿಲ್ಲ ಅಂತ ಬರದ್ರ ಯಾರು ತಗೋತಾರ?” ಎಂದು ಮಗಳು ಕೇಳಬಹುದು.

“ಬರಿಯವ್ವಾ. ಮನಿ ಮುಂದ ಬಂದವ್ರಿಗೆ ನಾನೂ ಅದನ್ನ ಹೇಳತೇನಿ. ನಾಳೆ ಗಡಿಗಿ ಹಿಡಕೊಂಡು ಜಗಳಕ್ಕ ಬರೋದು ಬ್ಯಾಡ” ಎಂದು ಬಲ್ಲ ತಂದೆ ಹೇಳಿಯಾನು.

ಆ ಒಂದು ಸಾಲಿನಿಂದ ಕೆಲವರು ಕೊಳ್ಳದೆ ಹೋಗಬಹುದು. ಆದರೆ ಕೊಂಡವನು ಮುಂದಿನ ಬೇಸಿಗೆಗೂ ಆ ಮನೆಗೇ ಬರುತ್ತಾನೆ. ಕಾನೂನು ಕೂಡ ಇದನ್ನೇ ಹೇಳುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದಾರಿ ತಪ್ಪಿಸುವ ಜಾಹೀರಾತಿಗೆ ಹತ್ತು ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಗಡಿಗೆಯ ನೀರು ರೋಗ ವಾಸಿ ಮಾಡುತ್ತದೆಂದು ಬರೆಯುವ ಮೊದಲು ಇದನ್ನು ನೆನೆಯುವುದು ಲೇಸು.

ಹಣ ಕೊಟ್ಟು ಹಾಕುವ ಜಾಹೀರಾತು

ಸಾಮಾಜಿಕ ಮಾಧ್ಯಮ ನಮಗೆ ಪುಕ್ಕಟೆ. ಹಾಗಾದರೆ ಅದನ್ನು ನಡೆಸುವವರ ಹೊಟ್ಟೆ ತುಂಬುವುದು ಹೇಗೆ? ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್ ಮೂರರ ಒಡೆತನ ಹೊಂದಿರುವ ಮೆಟಾ ಕಂಪನಿಯ ಆದಾಯದಲ್ಲಿ ಶೇಕಡಾ 95ಕ್ಕೂ ಹೆಚ್ಚು ಜಾಹೀರಾತಿನದು. ಇಷ್ಟು ಹಣಕ್ಕೆ, ಇಂಥ ಊರಿನ, ಇಂಥ ವಯಸ್ಸಿನವರಿಗೆ ತೋರಿಸಿ ಎಂದು ನಾವು ಹೇಳಬಹುದು. ಅದೇ ಜನರ ಕಣ್ಣಿಗೆ ಬೀಳಲು ಬೇರೆ ವ್ಯಾಪಾರಿಗಳೂ ಹಣ ಹೂಡಿರುತ್ತಾರೆ. ಒಳಗೆ ಕ್ಷಣಾರ್ಧದಲ್ಲಿ ಒಂದು ಹರಾಜು ನಡೆದು, ಯಾರದು ಕಾಣಬೇಕೆಂದು ಯಂತ್ರ ತೀರ್ಮಾನಿಸುತ್ತದೆ. ಹೆಚ್ಚು ಹಣ ಹೇಳಿದವನೇ ಯಾವಾಗಲೂ ಗೆಲ್ಲುವುದಿಲ್ಲ. ಜನ ಆಸಕ್ತಿಯಿಂದ ನೋಡಬಹುದಾದ ಜಾಹೀರಾತಿಗೂ ತೂಕವುಂಟು.

ಇದಕ್ಕೆ ಕೈ ಹಾಕುವ ಮನೆ ಒಂದು ನೋಟುಬುಕ್ ಇಟ್ಟುಕೊಳ್ಳಲಿ. ಉದಾಹರಣೆಗೆ 500 ರೂಪಾಯಿ ಕೊಟ್ಟರು. 4,000 ಜನ ನೋಡಿದರು, 80 ಜನ ಒತ್ತಿ ಒಳಗೆ ಬಂದರು, 20 ಜನ ಬೆಲೆ ಕೇಳಿದರು, ಕೊಂಡವರು ಐವರು. ಗಡಿಗೆಗೆ 60 ರೂಪಾಯಿ ಲಾಭವೆಂದರೆ ಬಂದದ್ದು 300, ಹೋದದ್ದು 500. ‘ನಾಲ್ಕು ಸಾವಿರ ಜನ ನೋಡಿದರು!’ ಎಂದು ಮಗಳು ಕುಣಿದಾಡಿದರೆ ತಾಯಿ ಈ ಪುಟ ತೋರಿಸಬೇಕು. ಆದರೆ ಲೆಕ್ಕ ಇಲ್ಲಿಗೇ ಮುಗಿಯದು. ಆ ಐವರು ಮೆಚ್ಚಿ ತಲಾ ಒಬ್ಬ ಗಿರಾಕಿಯನ್ನು ಕರೆತಂದರೆ ಲಾಭ 600 ಆಯಿತು. ನಷ್ಟ ತುಂಬಿ ನೂರು ರೂಪಾಯಿ ಉಳಿಯಿತು. ಆ ಎರಡನೆಯ ಐವರನ್ನು ತಂದದ್ದು ಜಾಹೀರಾತಲ್ಲ, ಗಡಿಗೆ.

ಅಂದ ಮೇಲೆ ದೂರಕ್ಕಿಂತ ಹತ್ತಿರವೇ ಮೇಲು. ಬೆಂಗಳೂರಿಗೆ ಕಳಿಸಿದ ಗಡಿಗೆ ದಾರಿಯಲ್ಲಿ ಒಡೆದರೆ ಮಾಲೂ ಹೋಯಿತು, ಮಾನವೂ ಹೋಯಿತು. ಬೆಳಗಾವಿಯಲ್ಲಿ ಐವತ್ತು ಮನೆಗಳು ಮೊಬೈಲಿನಲ್ಲಿ ಆ ಕುಂಬಾರರ ಸಂಖ್ಯೆಯನ್ನು ಬರೆದಿಟ್ಟುಕೊಂಡರೆ ಅದೇ ಆಸ್ತಿ. ವಾಟ್ಸ್‌ಆ್ಯಪ್ಪಿನ ಬ್ರಾಡ್‌ಕಾಸ್ಟ್ ಪಟ್ಟಿಯ ಸಂದೇಶ, ನಮ್ಮ ಸಂಖ್ಯೆಯನ್ನು ಉಳಿಸಿಕೊಂಡವರಿಗೆ ಮಾತ್ರ ತಲುಪುತ್ತದೆ. ಯಂತ್ರವೂ ಪರಿಚಯಸ್ಥರನ್ನೇ ಕೇಳುತ್ತದೆಂದಾಯಿತು. ಹಣ ಕೊಟ್ಟು ಕೊಳ್ಳುವ ಹುಸಿ ಮೆಚ್ಚುಗೆಗಳಿಂದ ಇಂಥ ಒಂದು ಮನೆಯೂ ಸಿಗುವುದಿಲ್ಲ.

ದೊಣ್ಣೆಗೆ ನಿಮಿಷ

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಎಲ್ಲರಿಗೂ ಗೊತ್ತು. ಮೊಬೈಲ್ ವ್ಯಾಪಾರದಲ್ಲಿ ಆ ದೊಣ್ಣೆ ಬೇರೆ ರೂಪದಲ್ಲಿ ಬರುತ್ತದೆ.

ಜಾಹೀರಾತು ಹಾಕಿದ ಕೆಲವೇ ದಿನಗಳಲ್ಲಿ ಒಂದು ಕರೆ ಬರಬಹುದು. ತಾನು ಸೈನ್ಯದವನು, ನೂರು ಗಡಿಗೆ ಬೇಕು, ಬೆಲೆ ಎಷ್ಟಾದರೂ ಸರಿ, ಹಣ ಈಗಲೇ ಕಳಿಸುತ್ತೇನೆ ಎನ್ನುತ್ತಾನೆ. ಬೆಳಗಾವಿಯೋ ದಂಡಿನ ಊರು. ನಂಬಿಕೆ ಬರುವುದು ಸಹಜ. ಆಮೇಲೆ ಒಂದು ಕ್ಯೂಆರ್ ಚಿತ್ರ ಕಳಿಸಿ, ‘ಇದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿ, ಹಣ ನಿಮ್ಮ ಖಾತೆಗೆ ಬೀಳುತ್ತದೆ’ ಎನ್ನುತ್ತಾನೆ. ಒತ್ತಿದ ಕೂಡಲೇ ಹಣ ಬೀಳುವುದಿಲ್ಲ, ಹೋಗುತ್ತದೆ. ದೇಶದ ಎಷ್ಟೋ ಊರುಗಳಲ್ಲಿ ನಡೆದಿರುವ ಮೋಸ ಇದು.

ಮನೆಯವರೆಲ್ಲರೂ ಬಾಯಿಪಾಠ ಮಾಡಬೇಕಾದ ನಿಯಮ ಒಂದೇ: ಯುಪಿಐಯಲ್ಲಿ ಪಿನ್ ಬೇಕಾಗುವುದು ಹಣ ಕೊಡಲು, ಹಣ ಪಡೆಯಲು ಪಿನ್ ಬೇಕಿಲ್ಲ, ಸ್ಕ್ಯಾನ್ ಮಾಡಬೇಕಿಲ್ಲ. ಅಕಸ್ಮಾತ್ ಮೋಸ ಹೋದರೆ ಅಳುತ್ತ ಕೂರದೆ, ನಾಚಿಕೆಯಿಂದ ಮುಚ್ಚಿಡದೆ, ತಕ್ಷಣ 1930ಕ್ಕೆ ಕರೆ ಮಾಡಬೇಕು. ತಡವಾದಷ್ಟೂ ಹಣ ಕೈಗೆ ಸಿಗದ ಕಡೆ ಹೋಗುತ್ತದೆ.

ತಂದೆತಾಯಿಯರಿಗೆ ಇನ್ನೊಂದು ಮಾತು. ಮೊಬೈಲ್ ಬಲ್ಲವಳು ಮಗಳೆಂದು ವ್ಯಾಪಾರದ ಭಾರವನ್ನೆಲ್ಲ ಅವಳ ಮೇಲೆ ಹಾಕಬಾರದು. ಖಾತೆ ದೊಡ್ಡವರ ಹೆಸರಿನಲ್ಲಿರಲಿ, ಅಪರಿಚಿತರ ಕರೆಗೆ ದೊಡ್ಡವರೇ ಉತ್ತರಿಸಲಿ, ಪಿನ್ ಅವರ ಬಳಿಯೇ ಇರಲಿ. ಮಗಳ ಮುಖ, ಶಾಲೆಯ ಹೆಸರು, ಮನೆಗೆ ಒಬ್ಬಳೇ ಬರುವ ಹೊತ್ತು ವಿಡಿಯೋದಲ್ಲಿ ಬೇಡ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟರೊಳಗಿನವರನ್ನು ಮಕ್ಕಳೆಂದೇ ಎಣಿಸಿದೆ. ಅವರ ಮಾಹಿತಿ ಬಳಸಲು ಹಿರಿಯರ ಒಪ್ಪಿಗೆ ಬೇಕೆಂದಿದೆ. ಗಡಿಗೆ ಮಾರಾಟವಾಯಿತೆ ಎಂದು ಗಳಿಗೆಗೊಮ್ಮೆ ಮೊಬೈಲ್ ನೋಡುತ್ತ ಕೂತರೆ ಓದು ಹಿಂದೆ ಬೀಳುತ್ತದೆ. ಸಂಜೆ ಅರ್ಧ ಗಂಟೆ, ಅದೂ ತಂದೆಯ ಪಕ್ಕದಲ್ಲಿ ಕೂತು; ಅಷ್ಟು ಸಾಕು.

ಆ ಅರ್ಧ ಗಂಟೆಯಲ್ಲಿ ಆಕೆ ಕಲಿಯುವುದೇನು ಕಡಿಮೆಯೆ? ಗುಣೋತ್ತರ ಶ್ರೇಢಿ, ಬಾಷ್ಪೀಕರಣ, ಲಾಭ ನಷ್ಟ, ಎರಡು ಭಾಷೆಗಳ ಬರವಣಿಗೆ ಎಲ್ಲವೂ ಒಂದು ಗಡಿಗೆಯ ಸುತ್ತಲೇ ಇವೆ. ತಂದೆಗೂ ಒಂದು ಲಾಭವುಂಟು. ತಾನು ಜೀವಮಾನವಿಡೀ ಕೈಯಿಂದ ಮಾಡಿದ ಕೆಲಸದ ಹಿಂದೆ ಮಗಳ ಪುಸ್ತಕದ ವಿದ್ಯೆ ಇದೆಯೆಂದು ಅವನಿಗೂ ತಿಳಿಯುತ್ತದೆ.

ಗುರ್ಲಹೊಸೂರಿನ ಆ ಮೇಷ್ಟರು ಮೊದಲ ನೇಗಿಲು ಮಾರಲು ಎರಡು ವರ್ಷ ಕಾದರು. ಒಳ್ಳೆಯ ಮಾಲಿದ್ದರೂ ನಂಬಿಕೆ ಹುಟ್ಟಲು ಅಷ್ಟು ಕಾಲ ಬೇಕಾಯಿತು. ಮೊಬೈಲ್ ಸುದ್ದಿಯನ್ನು ಕ್ಷಣದಲ್ಲಿ ಬೆಳಗಾವಿಗೆ ಮುಟ್ಟಿಸೀತು. ನಂಬಿಕೆ ಮಾತ್ರ ಇಂದಿಗೂ ನಡೆದೇ ಬರಬೇಕು. ಮುಂದಿನ ಸಲ ಕಿರ್ಲೋಸ್ಕರ ರಸ್ತೆಯಲ್ಲಿ ಹೋಗುವಾಗ ಮಕ್ಕಳಿಗೆ ಆ ಹೆಸರಿನ ಕಥೆ ಹೇಳಿ.